ಹತ್ತಿ ಪಿಚ್ಚರು

ನಾನು ಪಿಚ್ಚರಿಗೆ ಹೋಗುವುದು ಮುಖ್ಯವಾಗಿ ಕೂರುವುದಕ್ಕೆ. ಬೆಳಗಿನಿಂದ ಬಿಲ್ಲು ಹಿಡಿದು ಹತ್ತಿ ಹಿಂಜುವವಳಿಗೆ ಮೂರು ಗಂಟೆ ಬೆನ್ನು ಆನಿಸಿ ಕೂರಲು ಸಿಕ್ಕಿದರೆ ಎದುರಿಗೆ ಏನು ಓಡಿದರೂ ಸರಿ. ಗಿರಿಜಾ ಟಾಕೀಸಿನ ಸೀಟುಗಳಿಗೆ ಮೆತ್ತೆ ತುಂಬಿಕೊಟ್ಟವಳು ನಾನೇ. ಹಾಗಾಗಿ ಯಾವ ಸೀಟು ಮೆತ್ತಗಿದೆ, ಯಾವುದರ ನಾರು ಚುಚ್ಚುತ್ತದೆ ಎಂಬುದು ನನ್ನಷ್ಟು ಇನ್ಯಾರಿಗೂ ಗೊತ್ತಿಲ್ಲ. ಎಡಗಡೆ ಐದನೇ ಸಾಲಿನ ಕೊನೆಯ ಸೀಟು ನನ್ನದು. ಅಲ್ಲಿ ಕೂತು ಸುಮಾರು ನಾನೂರು ಪಿಚ್ಚರು ನೋಡಿರಬೇಕು. ಪೂರ್ತಿ ಎಚ್ಚರವಾಗಿದ್ದು ನೋಡಿದ್ದು ಇನ್ನೂರು ಇರಬಹುದು.

ನಮ್ಮೂರಲ್ಲಿ ಪಿಚ್ಚರನ್ನು ಅದರ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ರೈಲಿನ ಮೇಲೆ ಹೊಡೆದಾಟವಿದ್ದರೆ ಅದು ರೈಲು ಪಿಚ್ಚರು, ನಾಯಿ ಬಂದು ಸಾಕ್ಷಿ ಹೇಳಿದರೆ ನಾಯಿ ಪಿಚ್ಚರು. ರೈಲು ಪಿಚ್ಚರು ನನಗೆ ಹಿಡಿಸಿತು. ಆದರೆ ಅಷ್ಟು ಜನ ತಲೆಯ ಮೇಲೆ ಧಡಧಡ ಓಡಾಡುತ್ತಿದ್ದರೂ ಡಬ್ಬಿಯೊಳಗೆ ಕೂತವರಲ್ಲಿ ಒಬ್ಬರಾದರೂ ಕತ್ತೆತ್ತಿ ನೋಡಲಿಲ್ಲವಲ್ಲ, ಅದು ಇವತ್ತಿಗೂ ನನಗೆ ಬಗೆಹರಿದಿಲ್ಲ. ನಾಯಿ ಪಿಚ್ಚರಿನಲ್ಲಿ ನಾಯಿಯೊಂದೇ ಚೆನ್ನಾಗಿ ಮಾಡಿತ್ತು. ಅತ್ತೆ ಪಿಚ್ಚರಿನಲ್ಲಿ ಎರಡೂವರೆ ಗಂಟೆ ಸೊಸೆಯನ್ನು ಹುರಿದು ಮುಕ್ಕಿದ ಅತ್ತೆ ಕೊನೆಯ ಹತ್ತು ನಿಮಿಷದಲ್ಲಿ ಕಣ್ಣೊರೆಸಿಕೊಂಡು ಒಳ್ಳೆಯವಳಾಗಿಬಿಟ್ಟಳು. ನಮ್ಮತ್ತೆಗೆ ಅದೇ ಕೆಲಸಕ್ಕೆ ಹದಿನೆಂಟು ವರ್ಷ ಹಿಡಿಯಿತು, ಅದೂ ಅರ್ಧಂಬರ್ಧ. ದೇವರ ಪಿಚ್ಚರಿನಲ್ಲಿ ಹೊಗೆ ಜಾಸ್ತಿ. ದೆವ್ವದ ಪಿಚ್ಚರಿಗೆ ನಾನು ಹೆದರಲೇ ಇಲ್ಲ, ಆ ಬಿಳಿ ಸೀರೆಗೆ ಅಷ್ಟು ಚಂದ ಗಂಜಿ ಹಾಕಿ ಇಸ್ತ್ರಿ ಮಾಡಿದವರು ಯಾರಿರಬಹುದು ಎಂದು ಯೋಚಿಸುತ್ತಿದ್ದೆ. ಒಮ್ಮೆ ಬಹುಮಾನ ಗೆದ್ದ ಪಿಚ್ಚರೊಂದು ಬಂತು. ಅದರಲ್ಲಿ ಒಬ್ಬ ಮನುಷ್ಯ ಬಾವಿ ನೋಡುತ್ತ ಕೂತವನು ಕೂತೇ ಇದ್ದ. ನಾನು ನಿದ್ದೆ ಮಾಡಿ ಎದ್ದಾಗಲೂ ಕೂತಿದ್ದ. ಆದರೂ ಆ ಬಾವಿಯ ನೀರು ಒಂದು ಸಲ ಅಲುಗಾಡಿದ್ದು ನನಗಿನ್ನೂ ನೆನಪಿದೆ, ರೈಲು ಪಿಚ್ಚರಿನ ಒಂದು ಹಾಡೂ ನೆನಪಿಲ್ಲ. ಇದನ್ನೆಲ್ಲ ನಾನು ಆಯಾ ದಿನವೇ ಟಾಕೀಸಿನ ಬಾಗಿಲಲ್ಲಿ ಹೇಳಿಯೇ ಮನೆಗೆ ಬಂದಿದ್ದೇನೆ.

ಹೇಳದೆ ಬರುವ ಹಾಗಿಲ್ಲ. ನಮ್ಮೂರಿಗೆ ಬಂದ ಪಿಚ್ಚರಿನ ಪೆಟ್ಟಿಗೆ, ನೋಡಿದವರೆಲ್ಲರೂ ಅದರ ಬಗ್ಗೆ ಮನಸ್ಸಿನಲ್ಲಿರುವುದನ್ನು ಇದ್ದ ಹಾಗೆ ಬಾಯಿಬಿಟ್ಟು ಹೇಳುವವರೆಗೆ ನೆಲ ಬಿಟ್ಟು ಏಳುವುದಿಲ್ಲ. ಒಬ್ಬರು ಸುಳ್ಳು ಹೇಳಿದ್ದರೆ ಸಾಕು, ನಾಲ್ಕು ಜನ ಹಮಾಲರು ಹಗ್ಗ ಕಟ್ಟಿ ಎಳೆದರೂ ಅಲುಗುವುದಿಲ್ಲ. ಎಲ್ಲರೂ ನಿಜ ಹೇಳಿ ಮುಗಿಸಿದರೆ ಅದನ್ನು ಸೊಂಟದ ಮೇಲಿಟ್ಟುಕೊಂಡು ನಡೆಯಬಹುದು. ಹಳೆಯ ಪೆಟ್ಟಿಗೆ ಹೋಗದೆ ಹೊಸ ಪಿಚ್ಚರು ಹಾಕಲು ಯಂತ್ರವೂ ಒಪ್ಪುವುದಿಲ್ಲ. ಆದ್ದರಿಂದ ಟಾಕೀಸಿನ ಬಾಗಿಲಲ್ಲಿ ಮ್ಯಾನೇಜರ್ ರುದ್ರೋಜಪ್ಪ ಒಂದು ಮರದ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೊರಗೆ ಬರುವ ಒಬ್ಬೊಬ್ಬರನ್ನೂ "ಹೆಂಗಿತ್ತು?" ಎಂದು ಕೇಳುತ್ತಾರೆ. ಒಂದು ಪಿಚ್ಚರಿಗೆ ಆ ಕುರ್ಚಿಯಲ್ಲಿ ಯಾರು ಕೂತರೋ ಅದು ಊರು ಬಿಡುವವರೆಗೂ ಅವರಿಗೇ ಹೇಳಬೇಕು. ಇದು ನಮಗೆಲ್ಲ ಅಭ್ಯಾಸವಾಗಿ ಹೋಗಿದೆ. ನಾಚಿಕೆಯವರು ಕಿವಿಯ ಹತ್ತಿರ ಬಗ್ಗಿ ಹೇಳುತ್ತಾರೆ. ಹೊರಗಿನ ಅಳಿಯಂದಿರು ಬಂದರೆ ಮೊದಲೇ ತಿಳಿಸಿ ಕರೆದುಕೊಂಡು ಹೋಗುತ್ತೇವೆ. ಪೆಟ್ಟಿಗೆ ಒಯ್ಯಲು ಬರುವ ಸಿದ್ಧಯ್ಯನಂತೂ ಕೈಯಲ್ಲಿ ಒಂದು ಜೊತೆ ಬಟ್ಟೆ ಹಿಡಿದೇ ಬರುತ್ತಾನೆ, ಎಷ್ಟು ದಿನ ಕಾಯಬೇಕಾಗುತ್ತದೋ ಎಂದು.

ಹೀಗಿರುವಾಗ ವನಮಾಲಳ ಪಿಚ್ಚರು ಬಂತು.

ವನಮಾಲ ನಮ್ಮ ಟಾಕೀಸಿನ ಆಪರೇಟರ್ ಅಡವೀಶಪ್ಪನ ಮಗಳು. ತಾಯಿಯಿಲ್ಲದ ಮಗು. ಅಪ್ಪ ಮೇಲಿನ ಕೋಣೆಯಲ್ಲಿ ಯಂತ್ರದ ಮುಂದೆ ನಿಂತಿರುವಾಗ ಮಗು ಪಕ್ಕದ ನನ್ನ ಅಂಗಡಿಯಲ್ಲಿ ಹತ್ತಿಯ ರಾಶಿಯ ಮೇಲೆ ಇರುತ್ತಿತ್ತು. ಅಲ್ಲೇ ಓದುತ್ತಿತ್ತು, ಅಲ್ಲೇ ಮಲಗುತ್ತಿತ್ತು. ಎದ್ದಾಗ ಕೂದಲಿಂದ ಹಿಡಿದು ಹುಬ್ಬಿನವರೆಗೆ ಬೆಳ್ಳಗಾಗಿರುತ್ತಿತ್ತು. ನನ್ನನ್ನು ದೊಡ್ಡವ್ವ ಅನ್ನುತ್ತಿತ್ತು. ನನಗೂ ಮಕ್ಕಳಿಲ್ಲ. ನಮ್ಮ ಮನೆಯವರು ಖಾಸಿಂ ಸಾಬರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೂರುಗದ ಹತ್ತಿ ತರಲು ಹೋಗುತ್ತಿದ್ದರು, ದಾರಿಯುದ್ದಕ್ಕೂ ರಾಗ ಕೆಟ್ಟ ಹಾಡು ಹಾಡುತ್ತ. ಅವಳು ದೊಡ್ಡವಳಾಗಿ, ಪಿಚ್ಚರು ಮಾಡುವುದನ್ನು ಕಲಿಯುತ್ತೇನೆಂದು ಊರು ಬಿಟ್ಟು, ಹನ್ನೊಂದು ವರ್ಷ ಅವರಿವರ ಕೈಕೆಳಗೆ ದುಡಿದು, ಕೊನೆಗೆ ತನ್ನದೇ ಒಂದು ಪಿಚ್ಚರು ಮಾಡಿದಳು. ಅದರ ಪೆಟ್ಟಿಗೆಯನ್ನು ತಾನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.

ಊರು ಎಷ್ಟು ಖುಷಿಪಟ್ಟಿತೆಂದರೆ ರುದ್ರೋಜಪ್ಪ ಬಾಗಿಲ ಕುರ್ಚಿಯನ್ನು ಟವಲ್ಲಿನಿಂದ ಒರೆಸಿ, "ನಮ್ಮೂರ ಮಗಳ ಪಿಚ್ಚರು. ಈ ಸಲ ನೀನೇ ಕೂತು ಕೇಳವ್ವ" ಎಂದು ಅವಳನ್ನು ಕೂರಿಸಿದರು. ಅದು ಅವರು ಅವಳಿಗೆ ಮಾಡಿದ ಮರ್ಯಾದೆ. ತಪ್ಪಾದದ್ದೂ ಅಲ್ಲಿಯೇ.

ಮೊದಲ ದಿನದ ಮೊದಲ ಆಟಕ್ಕೆ ನಾನೂ ನಮ್ಮ ಮನೆಯವರೂ ಹೋದೆವು. ದೀಪ ಆರಿತು. ಬಿಲ್ಲಿನ ತಂತಿಯ ಟಂಯ್ ಟಂಯ್ ಸದ್ದು ಕೇಳಿತು, ಆಮೇಲೆ ತೆರೆಯ ತುಂಬ ಹತ್ತಿ ಹಾರಿತು. ಅದರ ನಡುವೆ ಒಬ್ಬ ಹೆಂಗಸು ಬಗ್ಗಿ ಕೂತಿದ್ದಳು. ಅವಳ ಹೆಸರು ಪಿಚ್ಚರಿನಲ್ಲಿ ಬೂಬಮ್ಮ. ಆದರೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ರೀತಿ, ದಬ್ಬಣವನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ರೀತಿ ನೋಡಿ ಟಾಕೀಸಿನಲ್ಲಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. "ಮೌಲಕ್ಕಾ, ನೀನೇ ಕಣೆ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ನನಗೆ ನಾಚಿಕೆಯೂ ಆಯಿತು, ಒಳಗೊಳಗೆ ಹಿಗ್ಗೂ ಆಯಿತು.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಆ ಬೂಬಮ್ಮ ಅಳಲು ಶುರುಮಾಡಿದಳು. ಹಿಂಜುತ್ತ ಅತ್ತಳು, ಹೊಲಿಯುತ್ತ ಅತ್ತಳು, ಮೋಡ ನೋಡಿ ಅತ್ತಳು. ಇಂಟರ್ವೆಲ್ಲಿಗೆ ಮೊದಲು ಅವಳ ಗಂಡ ಕೆಮ್ಮಿ ಕೆಮ್ಮಿ ಸತ್ತ. ನನ್ನ ಪಕ್ಕದಲ್ಲಿ ನಮ್ಮ ಮನೆಯವರು ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದರು. ಇಂಟರ್ವೆಲ್ ಆದ ಮೇಲೆ ಅವಳು ಒಬ್ಬಳೇ ಊರವರ ಹಾಸಿಗೆಗಳನ್ನೆಲ್ಲ ಹೊಲಿದು ತಾನು ಬರೀ ನೆಲದ ಮೇಲೆ ಮಲಗಿದಳು. ಹದಿನಾಲ್ಕು ಸಲ ಅತ್ತಳು, ನಾನು ಲೆಕ್ಕ ಇಟ್ಟಿದ್ದೇನೆ. ನಡುವೆ ಒಂದೇ ಒಂದು ಜಾಗ, ಮಾತಿಲ್ಲದ ಜಾಗ, ಬಂತು. ಅದನ್ನು ನೋಡುವಾಗ ನಾನು ಸೀಟಿನ ಕೈ ಹಿಡಿದುಕೊಂಡೆ. ಅದು ಮುಗಿದ ಮೇಲೆ ಏನಾಯಿತೆಂದು ಸರಿಯಾಗಿ ನೋಡಲಿಲ್ಲ.

ಹೊರಗೆ ಬಂದಾಗ ವನಮಾಲ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮೂವತ್ತು ದಾಟಿದ ಹೆಂಗಸು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಗುವಿನಂತೆ ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದಳು.

"ಹೆಂಗಿತ್ತು ದೊಡ್ಡವ್ವ?"

ನಾನೂರು ಪಿಚ್ಚರಿಗೆ ನಿಜ ಹೇಳಿದ ಬಾಯಿ ನನ್ನದು. ಅವಳ ಮುಖ ನೋಡಿದೆ. "ಚೆನ್ನಾಗೈತೆ ಕಣವ್ವ. ಬಲೇ ಚೆನ್ನಾಗೈತೆ" ಎಂದೆ.

ಆ ವಾರವೆಲ್ಲ ಊರಿಗೆ ಊರೇ ಅದನ್ನು ನೋಡಿತು. ಊರಿಗೆ ಊರೇ ಚೆನ್ನಾಗೈತೆ ಅಂದಿತು. ವಾರ ಕಳೆದು ಸಿದ್ಧಯ್ಯ ಬಂದು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. ಎತ್ತಲು ಹೋದವನು ಹಾಗೇ ಬಗ್ಗಿ ನಿಂತ. ಸೊಂಟ ಹಿಡಿದುಕೊಂಡು ನೆಟ್ಟಗಾದ. ಸುತ್ತ ನಿಂತ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದ.

"ಇದು ಭೂಮಿಗೆ ಬೇರು ಬಿಟ್ಟೈತೆ. ಒಬ್ರಲ್ಲ, ಊರೆಲ್ಲ ಸೇರಿ ಸುಳ್ಳು ಹೇಳಿದೀರ" ಎಂದ.

ವನಮಾಲ ಅಲ್ಲೇ ಇದ್ದಳು. ಯಾರೂ ಯಾರನ್ನೂ ನೋಡಲಿಲ್ಲ. ಅಡವೀಶಪ್ಪ ಮೇಲಿನ ಕೋಣೆಯ ಮೆಟ್ಟಿಲ ಮೇಲೆ ನಿಂತವನು ಹಾಗೆಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ವನಮಾಲ ಕುರ್ಚಿಯನ್ನು ಎಳೆದು ಬಾಗಿಲ ನಡುವೆ ಹಾಕಿಕೊಂಡು ಕೂತಳು. "ಬನ್ನಿ. ನಿಜ ಹೇಳಿ. ನಾನು ಈ ಊರಲ್ಲೇ ಹುಟ್ಟಿದೋಳು, ತಡ್ಕೋತೀನಿ" ಎಂದಳು.

ಎರಡು ದಿನ ಯಾರೂ ಆ ಕಡೆ ಸುಳಿಯಲಿಲ್ಲ. ಆದರೆ ಹಬ್ಬಕ್ಕೆ ಬರಬೇಕಾಗಿದ್ದ ದೊಡ್ಡ ಪಿಚ್ಚರಿನ ಪೆಟ್ಟಿಗೆ ಆಗಲೇ ಬಂದು ರುದ್ರೋಜಪ್ಪನ ಕೋಣೆಯಲ್ಲಿ ಕೂತಿತ್ತು, ಮೂರನೇ ದಿನ ಒಬ್ಬೊಬ್ಬರೇ ಬರತೊಡಗಿದರು. ನನ್ನ ಅಂಗಡಿ ಟಾಕೀಸಿನ ಗೋಡೆಗೇ ಅಂಟಿಕೊಂಡಿದೆ, ಎಲ್ಲ ಕೇಳುತ್ತದೆ. ಹೂವಿನ ತಿಮ್ಮಕ್ಕ ಮೊದಲು ಬಂದಳು. "ಇಂಟ್ರವೆಲ್ ಆದ್ಮೇಲೆ ನಾನು ವಾಪಸ್ಸೇ ಬರ್ಲಿಲ್ಲ ಮಗಾ. ಚೆನ್ನಾಗೈತೆ ಅಂದಿದ್ದು ಅರ್ಧಕ್ಕೆ ಮಾತ್ರ" ಎಂದಳು. ಶಾಲೆಯ ಮೇಷ್ಟ್ರು ಬಂದು, ಕತೆ ನಡೆಯುವುದಿಲ್ಲ, ಕುಂಟುತ್ತದೆ ಎಂದರು. ಎಣ್ಣೆ ಅಂಗಡಿಯವರು ತಾವು ಪೂರ್ತಿ ಅತ್ತದ್ದು ನಿಜ, ಆದರೆ ಅಳುವುದಕ್ಕೆ ಮನೆಯಲ್ಲೇ ಬೇಕಾದಷ್ಟಿದೆ ಎಂದರು. ರುದ್ರೋಜಪ್ಪ ಸ್ವತಃ ಟವಲ್ಲು ಹಿಂಡಿಕೊಳ್ಳುತ್ತ ಬಂದು, "ಕತ್ತಲೆ ಜಾಸ್ತಿ ಆಯ್ತು ಕಣವ್ವ. ಯಾರು ಯಾವ ಕಡೆ ಕೂತವ್ರೆ ಅಂತಾನೇ ನನಗೆ ಗೊತ್ತಾಗ್ಲಿಲ್ಲ" ಎಂದರು. ಪ್ರತಿಯೊಬ್ಬರಿಗೂ ಅವಳು "ಆಯ್ತು" ಅನ್ನುತ್ತಿದ್ದಳು. ಮೊದಮೊದಲು ಒಂದು ಪುಸ್ತಕದಲ್ಲಿ ಬರೆದುಕೊಂಡಳು, ಆಮೇಲೆ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೇಳಿದಳು.

ನಮ್ಮ ಮನೆಯವರೂ ಹೋದರು. ಹೋಗುವ ಮೊದಲು ತಲೆ ಬಾಚಿಕೊಂಡರು. ಅವರು ಹೇಳಿದ್ದು ಗೋಡೆಯ ಈಚೆಗೆ ಸ್ಪಷ್ಟವಾಗಿ ಕೇಳಿತು.

"ನನ್ನನ್ನ ಇಂಟ್ರವೆಲ್‌ಗೆ ಮುಂಚೇನೇ ಸಾಯಿಸಿಬಿಟ್ಟೆಯಲ್ಲ ಮಗಳೇ. ಅದೂ ಕೆಮ್ಮಿ ಕೆಮ್ಮಿ. ನನಗೆ ಕೆಮ್ಮೇ ಇಲ್ಲ."

"ಅದು ನೀವಲ್ಲ ದೊಡ್ಡಪ್ಪ, ಬೂಬಮ್ಮನ ಗಂಡ."

"ಇರ್ಲಿ. ಸಾಯ್ಲಿ. ಆದ್ರೆ ಒಂದು ಹಾಡಾದ್ರೂ ಹಾಡಿಸಿ ಸಾಯಿಸಬಾರದಿತ್ತಾ?"

ಅವಳು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು.

ಅಡವೀಶಪ್ಪ ಎಲ್ಲರ ಕೊನೆಗೆ ಇಳಿದು ಬಂದ. ಅವನು ಮಾತು ಕಡಿಮೆ. ಮೊದಲ ದಿನ ಮಗಳಿಗೆ "ಫೋಕಸ್ಸು ಸರಿಯಾಗಿತ್ತು" ಎಂದಷ್ಟೇ ಹೇಳಿದ್ದನಂತೆ. ಈಗ ಬಂದು ಬಹಳ ಹೊತ್ತು ಬಾಗಿಲ ಚೌಕಟ್ಟು ಸವರುತ್ತ ನಿಂತ. "ನಾನು ನೋಡೇ ಇಲ್ಲ ಕಣಮ್ಮ. ಮೊದಲಿಗೆ ನಿನ್ನ ಹೆಸರು ಬಂತಲ್ಲ, ಅಲ್ಲಿಂದ ಕಣ್ಣು ಮಂಜಾಯ್ತು. ಏಳು ದಿನವೂ ಹಂಗೇ ಆಯ್ತು. ಫೋಕಸ್ಸು ಸರಿಯಾಗಿತ್ತೋ ಇಲ್ವೋ ನನಗೆ ಗೊತ್ತಿಲ್ಲ" ಎಂದ. ಅವಳು ಎದ್ದು ಅಪ್ಪನ ಕೈ ಹಿಡಿದುಕೊಂಡಳೆಂದು ಕಾಣುತ್ತದೆ. ಆಮೇಲೆ ನನಗೆ ಏನೂ ಕೇಳಿಸಲಿಲ್ಲ.

ಮಾರನೆಯ ದಿನ ಸಿದ್ಧಯ್ಯ ಮತ್ತೆ ಪೆಟ್ಟಿಗೆಗೆ ಕೈ ಹಾಕಿದ. ಕೂದಲೆಳೆಯಷ್ಟೂ ಏಳಲಿಲ್ಲ. "ಇನ್ನೂ ಒಬ್ರು ಉಳಿದವ್ರೆ" ಎಂದು ಗೋಡೆಗೆ ಒರಗಿ ಕೂತ.

ಆ ಒಬ್ಬಳು ಯಾರೆಂದು ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಬಿಲ್ಲು ಹಿಡಿದರೆ ಕೈ ಓಡಲಿಲ್ಲ. ಹೇಳುವುದೇನು ಕಷ್ಟ, ಹದಿನಾಲ್ಕು ಸಲ ಅಳಿಸಿದೀಯ, ಜಾಸ್ತಿಯಾಯ್ತು ಎಂದರೆ ಮುಗಿಯಿತು ಎಂದುಕೊಂಡೆ. ಮಧ್ಯಾಹ್ನ ಹೋಗಿ ಅಷ್ಟನ್ನೇ ಹೇಳಿ ಬಂದೆ. ಅವಳು "ಆಯ್ತು ದೊಡ್ಡವ್ವ" ಎಂದಳು. ಪೆಟ್ಟಿಗೆ ಏಳಲಿಲ್ಲ. ಪೂರ್ತಿ ಹೇಳಿದರೆ ಮಾತ್ರ ಅದು ಕೇಳುವುದು. ಪೂರ್ತಿ ಹೇಳಬೇಕಾದರೆ ಆ ಮಾತಿಲ್ಲದ ಜಾಗದ ಬಗ್ಗೆ ಹೇಳಬೇಕು. ಅದನ್ನು ನಾನು ನಮ್ಮ ಮನೆಯವರ ಹತ್ತಿರವೂ ಎಂದೂ ಆಡಿರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಅಂಗಡಿಯ ಬಾಗಿಲು ಮುಂದಕ್ಕೆಳೆದು ಮತ್ತೆ ಹೋದೆ. ಅವಳು ಒಬ್ಬಳೇ ಇದ್ದಳು. ಸಿದ್ಧಯ್ಯ ಸ್ವಲ್ಪ ದೂರದಲ್ಲಿ ಬೀಡಿ ಸೇದುತ್ತಿದ್ದವನು ನನ್ನನ್ನು ನೋಡಿ ಎದ್ದು ಬೀದಿಯ ಆ ಕಡೆಗೆ ಹೋದ. ನಾನು ಮೆಟ್ಟಿಲ ಮೇಲೆ ಕೂತೆ.

"ಆ ಚಿಕ್ಕ ಹಾಸಿಗೆ" ಎಂದೆ. "ಅದನ್ನ ನೀನು ಯಾವಾಗ ನೋಡಿದೆ?"

ಪಿಚ್ಚರಿನಲ್ಲಿ ಬೂಬಮ್ಮ ಒಂದು ಮೊಳದುದ್ದದ ಹಾಸಿಗೆಯ ಹೊಲಿಗೆ ಬಿಚ್ಚುತ್ತಾಳೆ. ಅದರೊಳಗಿನ ಹತ್ತಿಯನ್ನು ತೆಗೆದು, ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದು, ಮದುವೆಯ ದೊಡ್ಡ ಹಾಸಿಗೆಯ ಹತ್ತಿಯ ಜೊತೆ ಸೇರಿಸಿ ಹಿಂಜಿಬಿಡುತ್ತಾಳೆ. ಅಷ್ಟೇ. ನನಗೆ ಒಂದು ಮಗು ಆಗಿತ್ತು. ಏಳು ತಿಂಗಳಿಗೇ ಬಂದು ಮೂರು ದಿನ ಇದ್ದು ಹೋಯಿತು. ಅದಕ್ಕೆಂದು ಹೊಲಿದಿಟ್ಟಿದ್ದ ಹಾಸಿಗೆಯನ್ನು ಒಂದು ತಿಂಗಳು ಬಿಟ್ಟು ನಾನು ಹೀಗೆಯೇ ಬಿಚ್ಚಿ ಹಿಂಜಿದ್ದೆ. ಯಾರೂ ಇಲ್ಲದ ಹೊತ್ತು ನೋಡಿ.

"ನಾನು ಹತ್ತಿ ರಾಶಿ ಹಿಂದೆ ಮಲಗಿದ್ದೆ" ಎಂದಳು ವನಮಾಲ. "ಒಂಬತ್ತು ವರ್ಷ ನನಗೆ. ನೀನು ಅಳ್ತಿದ್ದೆ. ಸದ್ದು ಬರಬಾರದು ಅಂತ ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ನಾನು ಕಣ್ಣು ಮುಚ್ಚಿ ನಿದ್ದೆ ಬಂದಂಗೆ ಮಾಡಿದೆ. ಆವತ್ತಿಂದ ದೊಡ್ಡವ್ವ, ನೀನು ನಕ್ಕಾಗೆಲ್ಲ ನನಗೆ ಅದು ನಟನೆ ಅಂತಾನೇ ಅನ್ನಿಸ್ತಿತ್ತು. ನನ್ನ ಮುಂದೆ ಸುಮ್ನೆ ನಗ್ತಾಳೆ, ನಾನು ಅತ್ತ ಹೋದ್ರೆ ಅಳ್ತಾಳೆ ಅಂತ. ಇಷ್ಟು ವರ್ಷ. ಅದಕ್ಕೇ ನಿನ್ನ ನಿಜವನ್ನ ಯಾರಾದ್ರೂ ಹೇಳ್ಬೇಕು ಅಂತ ಈ ಪಿಚ್ಚರು ಮಾಡಿದೆ."

ನಾನು ಅವಳಿಗೆ ತಲೆ ಬಾಚಿದ್ದು, ಅವಳ ಜೊತೆ ಗಜ್ಜುಗ ಆಡಿ ಮೋಸ ಮಾಡಿ ಗೆದ್ದದ್ದು, ನಮ್ಮ ಮನೆಯವರ ಹಾಡಿಗೆ ಇಬ್ಬರೂ ಕಿವಿ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕದ್ದು, ಎಲ್ಲವನ್ನೂ ಆ ಮಗು ಸುಳ್ಳೆಂದು ತಿಳಿದು ಬೆಳೆದಿತ್ತು. ಇಪ್ಪತ್ತೆರಡು ವರ್ಷ ನನ್ನ ಬಗ್ಗೆ ಮರುಗುತ್ತ ಬದುಕಿತ್ತು. ನನಗೆ ಪಿಚ್ಚರಿನ ಮೇಲಿದ್ದ ಸಿಟ್ಟು ಇಳಿದೇ ಹೋಯಿತು.

"ಕೇಳು" ಎಂದೆ. "ಆ ಒಂದು ಜಾಗ ನಿಜ. ಅದನ್ನ ನೀನು ತೆಗೆದಿರೋದು ನೋಡಿ ನನಗೆ ಉಸಿರು ನಿಂತೋಯ್ತು. ನಾನೂರು ಪಿಚ್ಚರಲ್ಲಿ ಅಂಥದ್ದು ನೋಡಿಲ್ಲ. ಆದ್ರೆ ಉಳಿದಿದ್ದೆಲ್ಲ ಏನ್ ಮಾಡಿದೀಯ ಗೊತ್ತಾ? ಒಂದು ಹಿಡಿ ಹತ್ತೀನ ಹಿಂಜಿ ಹಿಂಜಿ ಎರಡಾಳಿನ ಹಾಸಿಗೆ ತುಂಬಿದೀಯ. ಮಲಗಿದ್ರೆ ನೆಲ ಚುಚ್ಚುತ್ತೆ."

ಅವಳು ತಲೆ ತಗ್ಗಿಸಿದಳು.

"ಆವತ್ತು ನಾನು ಅತ್ತೆ, ಸರಿ. ಅದೇ ಸಂಜೆ ನಿಮ್ಮ ದೊಡ್ಡಪ್ಪ ಸಂತೆಯಿಂದ ಬಂದ್ರು. ಮೀಸೆ ತುದೀಲಿ ಇಷ್ಟು ದೊಡ್ಡ ಹತ್ತಿ ಉಂಡೆ. ಬೆಳಗ್ಗೆಯಿಂದ ಅಂಗಡಿ ಅಂಗಡಿ ಅಲೆದು ಬಂದವ್ರೆ, ಒಬ್ರೂ ಹೇಳಿಲ್ಲ. ಯಾಕೋ ಇವತ್ತು ಎಲ್ಲಾರೂ ನನ್ನ ನೋಡಿ ನಗುನಗ್ತಾ ಮಾತಾಡಿಸಿದ್ರು ಕಣೆ ಅಂತ ಹೆಮ್ಮೆಯಿಂದ ಹೇಳ್ತಾವ್ರೆ. ನಾನು ನಕ್ಕೂ ನಕ್ಕೂ ಬಾಗಿಲು ಹಿಡ್ಕೊಂಡು ಕೂತುಬಿಟ್ಟೆ. ಅದು ನಟನೆ ಅಲ್ಲ. ನೀನು ಆಗ ಎದ್ದಿರಬೇಕಿತ್ತು, ನೋಡಬೇಕಿತ್ತು."

"ಅದನ್ನ ತೋರಿಸಿದ್ರೆ ಯಾರು ನೋಡ್ತಾರೆ ದೊಡ್ಡವ್ವ? ಸಂತೋಷವಾಗಿರೋ ಹೆಂಗಸಿನ ಪಿಚ್ಚರು?"

"ನಾನು ನೋಡ್ತೀನಿ" ಎಂದೆ.

ನಾನು ಮುಂದುವರಿಸಿದೆ. "ಪೂರ್ತಿ ಹೇಳ್ಬಿಡ್ತೀನಿ ಕೇಳ್ಕೋ. ನನಗೆ ಮಗು ಬೇಕಿತ್ತು, ಉಳಿಯಲಿಲ್ಲ, ಆ ನೋವು ಹೋಗಿಲ್ಲ. ಅದರ ಜೊತೆಗೇ ನಾನು ಚೆನ್ನಾಗಿದೀನಿ. ಗಂಡ ಅವ್ರೆ, ಕೆಲಸ ಐತೆ, ಮಲಗಿದ್ರೆ ನಿದ್ದೆ ಬರ್ತೈತೆ. ನೀನು ಅಂಗಡೀಲಿ ಬೆಳೆದೆ. ನಾನು ಸುಖವಾಗಿದೀನಿ. ನಿನ್ನ ಬೂಬಮ್ಮ ನಾನಲ್ಲ. ಇದು ನನ್ನ ಮಾತು."

ಹೇಳಿ ಮುಗಿಸಿದ ಮೇಲೆ ನನಗೇ ಭಯವಾಯಿತು. ಪೆಟ್ಟಿಗೆ ಒಳಗೆ ಆರು ಹೆಜ್ಜೆ ದೂರದಲ್ಲಿತ್ತು. ಅದು ಈಗ ಏಳದಿದ್ದರೆ? ಹಾಗಾದರೆ ನಾನು ಸುಖವಾಗಿದ್ದೇನೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಸುಳ್ಳು, ಹುಡುಗಿ ಹತ್ತಿ ರಾಶಿಯ ಹಿಂದಿನಿಂದ ಕಂಡದ್ದೇ ನಿಜ ಎಂದಾಗುತ್ತದೆ. ಪಿಚ್ಚರಿನ ಬಗ್ಗೆ ನಾಲ್ಕು ಮಾತಾಡಲು ಬಂದವಳು ಬದುಕನ್ನೇ ತಕ್ಕಡಿಗೆ ಹಾಕಿದಂತಾಗಿತ್ತು. ವನಮಾಲಳಿಗೂ ಅದು ಹೊಳೆದಿತ್ತು. ನನ್ನನ್ನು ನೋಡಿದಳು, ಒಳಗೆ ನೋಡಿದಳು. ನನ್ನ ಮೇಲಿನ ಅಕ್ಕರೆಗೆ ಅವಳು ಏಳಲು ಹಿಂಜರಿದಳು.

"ಹೋಗು, ಎತ್ತು" ಎಂದೆ.

"ಬೇಡ ದೊಡ್ಡವ್ವ. ಸಿದ್ಧಯ್ಯ ಬರ್ಲಿ."

"ನೀನೇ ಎತ್ತು. ತಂದೋಳು ನೀನು."

ಅವಳು ಒಳಗೆ ಹೋದಳು. ನಾನು ಬೀದಿಯ ಕಡೆ ಮುಖ ಮಾಡಿಕೊಂಡು ಕೂತೆ. ಎದುರಿಗೆ ತಿಮ್ಮಕ್ಕ ಹೂವಿಗೆ ನೀರು ಚಿಮುಕಿಸುತ್ತಿದ್ದಳು. ಒಂದು ಆಡು ಟಾಕೀಸಿನ ಗೋಡೆಯ ಮೇಲಿನ ಪೋಸ್ಟರಿನ ಮೂಲೆ ಕಿತ್ತು ತಿನ್ನುತ್ತಿತ್ತು. ಒಳಗಿನಿಂದ ಸದ್ದೇ ಇಲ್ಲ. ಇಷ್ಟು ಹೊತ್ತೇಕೆ, ಎಳೆಯುತ್ತಿರಬೇಕು, ಬರುತ್ತಿಲ್ಲ ಎಂದುಕೊಂಡೆ. ಆಮೇಲೆ ಬೆನ್ನ ಹಿಂದೆ ಹೆಜ್ಜೆ ಸಪ್ಪಳವಾಯಿತು.

ವನಮಾಲ ಪೆಟ್ಟಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು, ನೀರು ತುಂಬಿದ ಕೊಡದ ಹಾಗೂ ಅಲ್ಲ, ಬರೀ ಕೊಡದ ಹಾಗೆ. ಒಂದು ಕೈ ಅದರ ಮೇಲಿತ್ತು, ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿತ್ತೆಂದು ಅನ್ನಿಸುವುದಿಲ್ಲ. ನಾನು ಮಾತ್ರ ಆವತ್ತು ಟಾಕೀಸಿನ ಮೆಟ್ಟಿಲ ಮೇಲೆ ಕೂತು ಚೆನ್ನಾಗಿಯೇ ಅತ್ತೆ. ಸಿದ್ಧಯ್ಯ ಓಡಿ ಬಂದು ಪೆಟ್ಟಿಗೆ ಇಸಿದುಕೊಂಡು, ಮತ್ತೆ ಯಾರಾದರೂ ಏನಾದರೂ ಹೇಳುವುದರೊಳಗೆ ಐದು ಗಂಟೆಯ ಬಸ್ಸಿಗೆ ಹೊರಟೇಬಿಟ್ಟ.

ಹಬ್ಬದ ಪಿಚ್ಚರು ಮಾರನೆಯ ದಿನವೇ ಶುರುವಾಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ನಾಯಕ ಮೂರು ಊರಿನ ಜನರನ್ನು ಒಬ್ಬನೇ ಹೊಡೆದ, ಅಂಗಿಯ ಗುಂಡಿ ಒಂದೂ ಕಿತ್ತುಹೋಗಲಿಲ್ಲ. ಜನ ಸಿಳ್ಳೆ ಹಾಕಿದರು. ನಾನೂ ಮನಸಾರೆ ನೋಡಿದೆ, ಆಮೇಲೆ ಮರೆತೆ.

ವನಮಾಲ ಪಿಚ್ಚರು ಓಡುವಷ್ಟು ದಿನಕ್ಕೆಂದು ಬಂದವಳು ಊರಲ್ಲೇ ಉಳಿದಳು. ಒಂದು ತಿಂಗಳಾದರೂ ಇರುತ್ತೇನೆ ಎಂದಿದ್ದಾಳೆ. ಬೆಳಿಗ್ಗೆ ಅಪ್ಪನಿಗೆ ತಿಂಡಿ ಮಾಡಿಕೊಟ್ಟು ನನ್ನ ಅಂಗಡಿಗೆ ಬಂದು ಕೂರುತ್ತಾಳೆ. ಪುಸ್ತಕ ತರುವುದಿಲ್ಲ. ಮೊದಲ ಒಂದೆರಡು ದಿನ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ನಕ್ಕರೆ ಯಾಕೆ ನಕ್ಕೆ ಎಂದು ಕೇಳುತ್ತಿದ್ದಳು. ನನಗೆ ರೇಗಿತು. "ನಗೋದನ್ನ ಹಿಂಗೆ ಕೆದಕಿದ್ರೆ ಅದು ಓಡಿಹೋಗ್ತೈತೆ. ಕೂರೋದಾದ್ರೆ ಸುಮ್ನೆ ಕೂರು, ಇಲ್ಲಾಂದ್ರೆ ಕೆಲಸ ಮಾಡು" ಎಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಗಿರಾಕಿಗಳು ಬರುತ್ತಾರೆ, ದಿಂಬು ಗಟ್ಟಿಯಾಯಿತೆಂದು ಜಗಳ ತೆಗೆಯುತ್ತಾರೆ, ನಮ್ಮ ಮನೆಯವರು ಹಾಡುತ್ತಾರೆ, ಅವಳು ಎಲ್ಲವನ್ನೂ ಮೊದಲ ಸಲ ಕಾಣುವವಳಂತೆ ನೋಡುತ್ತಾಳೆ. ಇನ್ನೊಂದು ಪಿಚ್ಚರು ಮಾಡುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ಮಾಡಿದರೆ ಅದರಲ್ಲಿ ತಾವು ಕೊನೆಯವರೆಗೂ ಬದುಕಿರಬೇಕೆಂದು ನಮ್ಮ ಮನೆಯವರು ಅವಳಿಂದ ಮಾತು ತೆಗೆದುಕೊಂಡಿದ್ದಾರೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ನನಗೆ ಹತ್ತಿ ರಾಶಿಯ ಪಕ್ಕದಲ್ಲೇ ಜೋಂಪು ಹತ್ತಿತು. ಟಂಯ್ ಎಂಬ ಸದ್ದಿಗೆ ಎಚ್ಚರವಾಯಿತು. ಕಣ್ಣು ಅರ್ಧ ತೆರೆದು ನೋಡಿದರೆ ವನಮಾಲ ನನ್ನ ಬಿಲ್ಲು ಹಿಡಿದಿದ್ದಾಳೆ. ಬಿಲ್ಲು ಓರೆಯಾಗಿದೆ, ಕೊಡತಿಯನ್ನು ತಂತಿಯ ಮೇಲೆ ಎಲ್ಲೆಂದರಲ್ಲಿ ಹೊಡೆಯುತ್ತಿದ್ದಾಳೆ. ಹತ್ತಿ ಸೂರಿಗೆ ಹಾರಿದೆ, ಬಾಗಿಲಿಂದಾಚೆ ಬೀದಿಗೂ ಹೋಗುತ್ತಿದೆ, ನಮ್ಮ ಮನೆಯವರು ಅದರ ನಡುವೆ ನಿಂತು ಎರಡೂ ಕೈಯಲ್ಲಿ ಹಿಡಿಯಲು ನೋಡುತ್ತಿದ್ದಾರೆ. ಇಬ್ಬರೂ ನನ್ನನ್ನು ಎಬ್ಬಿಸಬಾರದೆಂದು ಬಾಯಿ ಬಿಗಿಹಿಡಿದು ನಗುತ್ತಿದ್ದಾರೆ.

ಅವಳು ನನ್ನ ಕಣ್ಣು ತೆರೆದಿದ್ದನ್ನು ಕಂಡಳು. "ಸರಿಯಾಗಿ ಹಿಂಜ್ತಿದೀನಾ ದೊಡ್ಡವ್ವ?"

"ಹಿಂಜು, ಹಿಂಜು" ಎಂದು ನಾನು ಮಗ್ಗುಲಾದೆ.